ತಾಪಮಾಪಕ ತೋರುವ ಅಂಕಿ ಎಷ್ಟು ನಿಜ? – ವಿದ್ಯುನ್ಮಾನ ಸೆನ್ಸರ್‌ಗಳ ಮಾಪನಾಂಕ ನಿರ್ಣಯ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ತಿಳಿವಳಿಕೆ

2020ರ ಕೋವಿಡ್ ದಿನಗಳಲ್ಲಿ ಗ್ರಾಮ ಪಂಚಾಯತಿ ಕಾರ್ಯಪಡೆಗಳ ಕೈಗೆ ಬಂದ ಥರ್ಮಲ್ ಸ್ಕ್ಯಾನರ್‌ಗಳನ್ನು ಸದಸ್ಯರು ಮರೆತಿರಲಾರರು. ಊರಿನ ಅಗಸೆಯಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಪಂಚಾಯತಿ ಕಚೇರಿಯ ಬಾಗಿಲಲ್ಲಿ ಬಂದವರೆಲ್ಲರ ಹಣೆಗೆ ಅದನ್ನು ಹಿಡಿಯಲಾಗುತ್ತಿತ್ತು. ಒಂದೇ ಹಣೆಗೆ ಎರಡು ಯಂತ್ರ ಹಿಡಿದರೆ ಎರಡು ಬೇರೆ ಅಂಕಿಗಳು ಬರುತ್ತಿದ್ದುದನ್ನು ಅನೇಕರು ಕಂಡಿದ್ದಾರೆ. ಎರಡರಲ್ಲಿ ಯಾವುದು ಸರಿ ಎಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ಕಾಲ ಕಳೆಯಿತು, ಯಂತ್ರಗಳು ಕಚೇರಿಯ ಅಲ್ಮೇರಾ ಸೇರಿದವು, ಪ್ರಶ್ನೆಯೂ ಅವುಗಳೊಂದಿಗೆ ಒಳಗೆ ಹೋಯಿತು.

ಆದರೆ ಅದೇ ಪ್ರಶ್ನೆಯನ್ನು ಕೇಳಲೇಬೇಕಾದ ಬೇರೊಂದು ಸ್ಥಳವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕಾ ಕೊಠಡಿಯಲ್ಲಿ ಮೇಲ್ಮುಚ್ಚಳವಿರುವ ಒಂದು ಪೆಟ್ಟಿಗೆ ಹಗಲಿರುಳೂ ನಡೆಯುತ್ತಿರುತ್ತದೆ. ಆರೋಗ್ಯ ಸಿಬ್ಬಂದಿ ಅದನ್ನು ಐಎಲ್ಆರ್ ಎಂದು ಕರೆಯುತ್ತಾರೆ. ಒಳಗೋಡೆಯಲ್ಲಿ ಮಂಜುಗಡ್ಡೆಯ ಪದರವಿರುವುದರಿಂದ ವಿದ್ಯುತ್ ಕಡಿತವಾದರೂ ಕೆಲವು ಗಂಟೆಗಳ ಕಾಲ ತಂಪನ್ನು ಹಿಡಿದಿಡಬಲ್ಲ ಶೀತಕ ಅದು. ಹಾವೇರಿಯ ಜಿಲ್ಲಾ ಲಸಿಕಾ ಸಂಗ್ರಹಾಗಾರದಿಂದ ಬಂದ ಲಸಿಕೆಗಳು ಸವಣೂರು ತಾಲೂಕಿನ ಹಳ್ಳಿಗಳ ಮಕ್ಕಳನ್ನು ತಲುಪುವ ಮುನ್ನ ಇಂತಹ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ. ಅದರ ಒಳಗಿನ ತಾಪ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕೆಂಬುದು ನಿಯಮ. ದಿನಕ್ಕೆ ಎರಡು ಬಾರಿ, ರಜಾದಿನಗಳಲ್ಲಿಯೂ, ತಾಪವನ್ನು ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದೂ ನಿಯಮ. ಪುಸ್ತಕದಲ್ಲಿ 4, 5, 4, 4 ಎಂದು ಅಂಕಿಗಳು ಅಚ್ಚುಕಟ್ಟಾಗಿ ಸಾಲುಗಟ್ಟಿರುತ್ತವೆ. ಅವು ಸೆನ್ಸರ್ ಹೇಳಿದ ಅಂಕಿಗಳು. ಸೆನ್ಸರ್ ಹೇಳಿದ್ದು ನಿಜವೇ ಎಂಬುದಕ್ಕೆ ಆ ಪುಸ್ತಕದಲ್ಲಿ ಉತ್ತರವಿಲ್ಲ.

ಕೆಡುವುದು ಬಿಸಿಯಿಂದ ಮಾತ್ರವಲ್ಲ

ಲಸಿಕೆ ಕೆಡುವುದೆಂದರೆ ಬಿಸಿಯಾಗಿ ಕೆಡುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಪೋಲಿಯೋ ಹನಿ, ದಡಾರ–ರುಬೆಲ್ಲಾ ಮುಂತಾದವು ಬಿಸಿಗೆ ಬೇಗ ಸೋಲುವುದು ನಿಜ. ಆದರೆ ಪೆಂಟಾವೇಲೆಂಟ್, ಡಿಪಿಟಿ, ಹೆಪಟೈಟಿಸ್ ಬಿ, ಟಿಡಿ ಮುಂತಾದ ಲಸಿಕೆಗಳಿಗೆ ಅದಕ್ಕಿಂತ ದೊಡ್ಡ ಶತ್ರು ಹೆಪ್ಪುಗಟ್ಟುವಿಕೆ. ಅವುಗಳಲ್ಲಿ ಅಲ್ಯುಮಿನಿಯಂ ಲವಣದ ಅತಿ ಸೂಕ್ಷ್ಮ ಕಣಗಳಿಗೆ ಔಷಧಾಂಶವು ಅಂಟಿಕೊಂಡಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಗುಂಪುಗೂಡುತ್ತವೆ; ಕರಗಿದ ಮೇಲೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಬರಿಗಣ್ಣಿಗೆ ಸೀಸೆ ಹೆಚ್ಚು ಕಡಿಮೆ ಹಾಗೆಯೇ ಕಾಣುತ್ತದೆ. ಅನುಮಾನ ಬಂದವರು ಸೀಸೆಯನ್ನು ಅಲುಗಾಡಿಸಿ, ಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂದು ನೋಡುವ ಪರೀಕ್ಷೆಯೊಂದಿದೆ. ಆದರೆ ಅನುಮಾನವೇ ಬಾರದಿದ್ದಲ್ಲಿ ಪರೀಕ್ಷೆ ನಡೆಯುವುದಿಲ್ಲ.

ಸೀಸೆಯ ಮೇಲಿನ ಬಣ್ಣ ಬದಲಾಗುವ ಚೌಕವನ್ನು ಕಂಡ ಸದಸ್ಯರು ಅದು ಎಲ್ಲವನ್ನೂ ಹೇಳುತ್ತದೆಂದು ಭಾವಿಸಬಹುದು. ಅದು ಒಟ್ಟಾರೆ ತಗುಲಿದ ಬಿಸಿಯನ್ನು ಮಾತ್ರ ತೋರುತ್ತದೆ; ಹೆಪ್ಪುಗಟ್ಟಿ ಕೆಟ್ಟ ಸೀಸೆಯ ಚೌಕವು ಹೊಸದರಂತೆಯೇ ಇರುತ್ತದೆ. ಗುರುವಾರ ತಾಯಿ ಮಗುವನ್ನು ಎತ್ತಿಕೊಂಡು ಬರುತ್ತಾಳೆ, ಚುಚ್ಚುಮದ್ದು ಆಗುತ್ತದೆ, ತಾಯಿ ಕಾರ್ಡಿನಲ್ಲಿ ಗುರುತು ಬೀಳುತ್ತದೆ. ಲಸಿಕೆ ಮಾತ್ರ ಕೆಲಸ ಮಾಡುವುದಿಲ್ಲ. ಆ ಮನೆಗೂ, ಆರೋಗ್ಯ ಕೇಂದ್ರಕ್ಕೂ, ಪಂಚಾಯತಿಗೂ ಇದು ತಿಳಿಯುವ ಮಾರ್ಗವಿರುವುದಿಲ್ಲ. ಆದುದರಿಂದ ಶೀತಕವು ತೋರುವ 4 ಡಿಗ್ರಿ ನಿಜವಾಗಿ 4 ಡಿಗ್ರಿಯೇ ಎಂಬುದು ಕೇವಲ ತಾಂತ್ರಿಕ ಕುತೂಹಲದ ಪ್ರಶ್ನೆಯಲ್ಲ.

ಸೆನ್ಸರ್ ತಾಪವನ್ನು ಅಳೆಯುವ ಬಗೆ

ವಿದ್ಯುನ್ಮಾನ ತಾಪಮಾಪಕವು ತಾಪವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ವಿದ್ಯುತ್ತಿನ ರೋಧವನ್ನು. ಪೈಪಿನ ಬಾಯಿ ಕಿರಿದಾದಂತೆ ನೀರಿನ ಹರಿವು ತಗ್ಗುವ ಹಾಗೆ, ರೋಧ ಹೆಚ್ಚಾದಂತೆ ವಿದ್ಯುತ್ ಪ್ರವಾಹ ತಗ್ಗುತ್ತದೆ. ಕೆಲವು ವಸ್ತುಗಳ ರೋಧವು ತಾಪಕ್ಕನುಗುಣವಾಗಿ ನಿಶ್ಚಿತ ರೀತಿಯಲ್ಲಿ ಬದಲಾಗುವುದರಿಂದ, ರೋಧವನ್ನು ತಿಳಿದರೆ ತಾಪವನ್ನು ಲೆಕ್ಕ ಹಾಕಬಹುದು.

ಶೀತಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಥರ್ಮಿಸ್ಟರ್ ಎಂಬ ಕಡಲೆಕಾಳಿಗಿಂತ ಚಿಕ್ಕದಾದ ಮಣಿ. ಬಹಳ ಪ್ರಚಲಿತವಾದ ಒಂದು ಬಗೆಯ ಮಣಿಯ ರೋಧ 25 ಡಿಗ್ರಿಯಲ್ಲಿ 10,000 ಓಮ್. 0 ಡಿಗ್ರಿಯಲ್ಲಿ ಸುಮಾರು 32,000ದಿಂದ 33,000 ಓಮ್. ತಂಪಾದಂತೆ ರೋಧ ಏರುತ್ತದೆ. 0 ಡಿಗ್ರಿಯ ಆಸುಪಾಸಿನಲ್ಲಿ ಒಂದೊಂದು ಡಿಗ್ರಿಗೆ ಸುಮಾರು ಶೇ 5ರಷ್ಟು. ಇನ್ನೊಂದು ಬಗೆ ಪ್ಲಾಟಿನಂ ತಂತಿಯದು. ಅದರ ರೋಧ 0 ಡಿಗ್ರಿಯಲ್ಲಿ ಸರಿಯಾಗಿ 100 ಓಮ್. ಪ್ರತಿ ಡಿಗ್ರಿಗೆ 0.385 ಓಮ್‌ನಂತೆ ಏರುತ್ತ 100 ಡಿಗ್ರಿಯಲ್ಲಿ 138.5 ಓಮ್ ತಲುಪುತ್ತದೆ. ಇದು ದುಬಾರಿ, ಆದರೆ ವರ್ಷಗಳ ಕಾಲ ಹೆಚ್ಚು ಸ್ಥಿರ. ಎರಡರಲ್ಲಿಯೂ ಸೆನ್ಸರ್‌ನ ಹಿಂದೆ ಒಂದು ಸರ್ಕ್ಯೂಟ್ ಇರುತ್ತದೆ. ಅದು ನಿಶ್ಚಿತ ವೋಲ್ಟೇಜನ್ನು ಒದಗಿಸಿ, ಬಂದ ಉತ್ತರವನ್ನು ಅಂಕಿಯಾಗಿ ಪರಿವರ್ತಿಸಿ, ತನ್ನೊಳಗಿನ ಕೋಷ್ಟಕದೊಂದಿಗೆ ಹೋಲಿಸಿ, ಪರದೆಯ ಮೇಲೆ ತಾಪವನ್ನು ತೋರುತ್ತದೆ.

ಕಾರ್ಖಾನೆಯಿಂದ ಬಂದ ದಿನ ಕೋಷ್ಟಕವೂ ಮಣಿಯೂ ಹೊಂದಿಕೊಂಡಿರುತ್ತವೆ. ಆಮೇಲೆ ಮಣಿ ಬದಲಾಗುತ್ತದೆ, ಕೋಷ್ಟಕ ಬದಲಾಗುವುದಿಲ್ಲ. ಹೀಗೆ ನಿಧಾನವಾಗಿ, ಯಾವ ಸೂಚನೆಯನ್ನೂ ಕೊಡದೆ ಅಂಕಿಯು ನಿಜದಿಂದ ದೂರ ಸರಿಯುವುದನ್ನು ತಂತ್ರಜ್ಞರು ‘ಡ್ರಿಫ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ‘ಜಾರುವಿಕೆ’ ಎಂದರೆ ಅರ್ಥ ತಪ್ಪುವುದಿಲ್ಲ. ಯಂತ್ರ ಕೆಟ್ಟು ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಜಾರಿದ ಯಂತ್ರವು ಆರೋಗ್ಯವಾಗಿರುವಂತೆಯೇ ನಡೆಯುತ್ತಿರುತ್ತದೆ.

ಜಾರುವಿಕೆಗೆ ಕಾರಣಗಳು ಹಲವು. ಮಣಿಯ ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ತೇವ ಒಳಸೇರುವುದು ಎಲ್ಲಕ್ಕಿಂತ ಸಾಮಾನ್ಯ. ಶೀತಕದೊಳಗೆ ತೇವಕ್ಕೆ ಕೊರತೆಯಿಲ್ಲ. ತೇವವು ಮಣಿಯ ಪಕ್ಕದಲ್ಲಿಯೇ ಇನ್ನೊಂದು ಸಣ್ಣ ದಾರಿಯನ್ನು ತೆರೆಯುತ್ತದೆ, ಪೈಪಿನ ಸೋರಿಕೆಯಂತೆ ಸ್ವಲ್ಪ ವಿದ್ಯುತ್ತು ಆ ದಾರಿಯಲ್ಲಿ ಹರಿಯುತ್ತದೆ. ಈ ಸೋರಿಕೆಯ ರೋಧ 10 ಲಕ್ಷ ಓಮ್ ಇದ್ದರೆ 0 ಡಿಗ್ರಿಯ ಹತ್ತಿರ ಅಂಕಿಯು ಅರ್ಧ ಡಿಗ್ರಿಗೂ ಮಿಕ್ಕಿ ತಪ್ಪುತ್ತದೆ. ತೇವ ಹೆಚ್ಚಾಗಿ ಅದು 2 ಲಕ್ಷ ಓಮ್‌ಗೆ ಇಳಿದರೆ ತಪ್ಪು ಸುಮಾರು 3 ಡಿಗ್ರಿಯಾಗುತ್ತದೆ. ಪ್ಲಾಟಿನಂ ತಂತಿಯ ಸೆನ್ಸರ್‌ಗೆ ಇನ್ನೊಂದು ಬಗೆಯ ತೊಂದರೆ. ಎರಡೇ ತಂತಿಗಳಲ್ಲಿ ಜೋಡಿಸಿದ್ದು, ಜೋಡಣೆಯ ತಿರುಪು ಕಿಲುಬು ಹಿಡಿದು 1 ಓಮ್ ರೋಧ ಸೇರಿಕೊಂಡರೂ ಅಂಕಿ 2.6 ಡಿಗ್ರಿ ಮೇಲೇರುತ್ತದೆ. ಇವಲ್ಲದೆ ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗುವ ಶ್ರಮ, ಸರ್ಕ್ಯೂಟಿನ ಆಧಾರ ವೋಲ್ಟೇಜು ಮುಪ್ಪಾಗುವುದು, ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಸರ್ಕ್ಯೂಟ್ ಹಲಗೆಯೇ ಕಾಯುವುದು, ಇವೆಲ್ಲವೂ ತಮ್ಮ ತಮ್ಮ ಪಾಲನ್ನು ಸೇರಿಸುತ್ತವೆ.

ತಪ್ಪು ಯಾವ ಕಡೆಗೆ ಎಂಬುದೂ ಮುಖ್ಯ

ತೇವದ ಸೋರಿಕೆಯಿಂದ ಥರ್ಮಿಸ್ಟರಿನ ರೋಧ ತಗ್ಗಿದಂತೆ ಕಾಣುತ್ತದೆ. ರೋಧ ತಗ್ಗುವುದೆಂದರೆ ಆ ಸರ್ಕ್ಯೂಟಿಗೆ ಬಿಸಿ ಹೆಚ್ಚಾಯಿತೆಂದು ಅರ್ಥ. ಪ್ಲಾಟಿನಂ ತಂತಿಯಲ್ಲಿ ಕಿಲುಬಿನಿಂದ ರೋಧ ಹೆಚ್ಚುತ್ತದೆ. ಅಲ್ಲಿ ರೋಧ ಹೆಚ್ಚುವುದೇ ಬಿಸಿಯ ಲಕ್ಷಣ. ಕಾರಣಗಳು ಬೇರೆ, ಫಲ ಒಂದೇ. ಎರಡೂ ಸೆನ್ಸರ್‌ಗಳು ಇರುವುದಕ್ಕಿಂತ ಹೆಚ್ಚು ಬಿಸಿಯನ್ನು ತೋರುತ್ತವೆ.

ಇದೇ ಸೆನ್ಸರ್ ಕಂಪ್ರೆಸರನ್ನು ನಡೆಸುವ ನಿಯಂತ್ರಕಕ್ಕೂ ಜೋಡಣೆಯಾಗಿದ್ದರೆ ನಡೆಯುವುದನ್ನು ಸದಸ್ಯರು ಊಹಿಸಬಹುದು. ಬಿಸಿ ಹೆಚ್ಚಿದೆಯೆಂದು ನಂಬಿದ ನಿಯಂತ್ರಕವು ಕಂಪ್ರೆಸರನ್ನು ಇನ್ನಷ್ಟು ಹೊತ್ತು ಓಡಿಸುತ್ತದೆ. ಪರದೆಯ ಮೇಲೆ 4 ಡಿಗ್ರಿ ಬರುವವರೆಗೂ ಪೆಟ್ಟಿಗೆಯನ್ನು ತಣಿಸುತ್ತದೆ. ಸೆನ್ಸರ್ 3 ಡಿಗ್ರಿ ಹೆಚ್ಚು ತೋರುತ್ತಿದ್ದರೆ ಆಗ ಒಳಗಿನ ನಿಜವಾದ ತಾಪ 1 ಡಿಗ್ರಿ. ರಾತ್ರಿಯ ತಂಪಿನಲ್ಲಿ ಪರದೆ 2.5 ತೋರಿದ ಹೊತ್ತಿಗೆ ಒಳಗೆ ಶೂನ್ಯಕ್ಕಿಂತ ಕೆಳಗೆ. ಬೆಳಿಗ್ಗೆ ಬಂದ ಸಿಬ್ಬಂದಿ ನಿಷ್ಠೆಯಿಂದ 4 ಎಂದು ಬರೆಯುತ್ತಾರೆ. ಅವರ ತಪ್ಪೇನೂ ಇಲ್ಲ. ನಿಯಂತ್ರಿಸುವವನೂ ಸಾಕ್ಷಿ ಹೇಳುವವನೂ ಒಬ್ಬನೇ ಆದಾಗ ಹೀಗಾಗುತ್ತದೆ. ಆದುದರಿಂದಲೇ ಶೀತಕದ ಪರದೆಯನ್ನು ಮಾತ್ರ ನೋಡದೆ, ಅದಕ್ಕೆ ಸಂಬಂಧವಿಲ್ಲದ ಎರಡನೆಯ ತಾಪಮಾಪಕವೊಂದು ಒಳಗೆ ಇರಬೇಕೆನ್ನುವುದು. ಕೇಂದ್ರ ಆರೋಗ್ಯ ಸಚಿವಾಲಯದ ಇ-ವಿನ್ ವ್ಯವಸ್ಥೆಯಡಿ ಶೀತಕಗಳಲ್ಲಿ ಅಳವಡಿಸುವ, ದೂರದಲ್ಲಿ ಕುಳಿತವರಿಗೂ ತಾಪವನ್ನು ತಿಳಿಸುವ ಲಾಗರ್ ಈ ಕೆಲಸವನ್ನು ಮಾಡುತ್ತದೆ. ಎರಡು ಅಂಕಿಗಳು ಒಂದಕ್ಕೊಂದು ದೂರವಾಗತೊಡಗಿದರೆ ಅದೇ ಮೊದಲ ಎಚ್ಚರಿಕೆ. ಆದರೆ ಲಾಗರಿನೊಳಗೂ ಒಂದು ಸೆನ್ಸರೇ ಇದೆ, ಅದೂ ಜಾರಬಲ್ಲದು.

ಪರಸ್ಪರ ಹೋಲಿಕೆಯಿಂದ ಭಿನ್ನತೆ ತಿಳಿಯುತ್ತದೆಯೇ ಹೊರತು ನಿಜ ತಿಳಿಯುವುದಿಲ್ಲ. ನಿಜಕ್ಕೆ ಎಂದೂ ಜಾರದ ಒಂದು ಆಧಾರ ಬೇಕು.

ಕರಗುವ ಮಂಜಿನ ಆಧಾರ

ಆ ಆಧಾರ ದುಬಾರಿಯಲ್ಲ. ಶುದ್ಧ ನೀರಿನ ಮಂಜುಗಡ್ಡೆಯು ಕರಗುತ್ತಿರುವಾಗ ಅದರ ತಾಪ 0 ಡಿಗ್ರಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿಯೂ ಅಷ್ಟೇ, ಸವಣೂರಿನಲ್ಲಿಯೂ ಅಷ್ಟೇ. ಕುದಿಯುವ ನೀರನ್ನು 100 ಡಿಗ್ರಿಯೆಂದು ಹಿಡಿಯುವ ಶಾಲಾಪಾಠ ಇಲ್ಲಿಗೆ ಹೊಂದುವುದಿಲ್ಲ. ಈ ಭಾಗವು ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆ, ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಕುದಿನೀರನ್ನು ನಂಬಿ ಸರಿಪಡಿಸಿದ ಮಾಪಕವು 2 ಡಿಗ್ರಿ ತಪ್ಪಾಗುತ್ತದೆ. ಕರಗುವ ಮಂಜಿಗೆ ಎತ್ತರದ ಹಂಗು ಇಲ್ಲವೆನ್ನುವಷ್ಟು ಕಡಿಮೆ.

ವಿಧಾನ ಸರಳ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಪಂಚಾಯತಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರಿನಿಂದ ಮಂಜುಗಡ್ಡೆ ಮಾಡಿ, ಶುಚಿಯಾದ ಬಟ್ಟೆಯಲ್ಲಿ ಕಟ್ಟಿ ಜಜ್ಜಿ, ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕನ್ನು ಅದರಿಂದ ತುಂಬಬೇಕು. ಚೂರುಗಳ ನಡುವಿನ ಸಂದು ತುಂಬುವಷ್ಟೇ, ಅದೇ ಘಟಕದ ತಣ್ಣೀರನ್ನು ಸುರಿಯಬೇಕು. ಮಂಜು ಮೇಲೆ ತೇಲಿ ಕೆಳಗೆ ಬರೀ ನೀರು ನಿಂತರೆ ತಳದ ನೀರು 0 ಡಿಗ್ರಿ ಇರುವುದಿಲ್ಲ, ಹೆಚ್ಚಿನ ನೀರನ್ನು ಬಸಿಯಬೇಕು. ಡೀಪ್ ಫ್ರೀಜರಿನಿಂದ ಆಗಷ್ಟೇ ತೆಗೆದ ಒಣ ಮಂಜು ಶೂನ್ಯಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅದು ಹೊಳಪೇರಿ, ಒದ್ದೆಯಾಗಿ, ಕರಗತೊಡಗುವವರೆಗೂ ಕಾಯಬೇಕು. ಬೋರ್‌ವೆಲ್ ನೀರಿನ ಲವಣದಿಂದ ಆಗುವ ವ್ಯತ್ಯಾಸ ಡಿಗ್ರಿಯ ನೂರನೆಯ ಭಾಗಗಳಷ್ಟೇ, ಅದಕ್ಕೆ ಅಂಜಬೇಕಿಲ್ಲ. ಆದರೆ ಐಸ್‌ಕ್ಯಾಂಡಿ ಅಥವಾ ಮಂಜುಗಡ್ಡೆ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸುವುದರಿಂದ ಆ ಗಡ್ಡೆಗೆ ಉಪ್ಪು ತಗುಲಿರಬಹುದು, ಅದು ಬೇಡ. ಸೆನ್ಸರ್‌ನ ತುದಿಯನ್ನು ಫ್ಲಾಸ್ಕಿನ ನಡುವೆ, ಗೋಡೆಗೂ ತಳಕ್ಕೂ ತಾಗದಂತೆ ಬೆರಳುದ್ದಕ್ಕಿಂತ ಆಳವಾಗಿ ಇಳಿಸಿ, ಆಗಾಗ ಕಲಕುತ್ತ, ಹತ್ತು ಹದಿನೈದು ನಿಮಿಷ ಅಂಕಿ ನಿಂತ ಮೇಲೆ ಓದಬೇಕು.

ಪರದೆ 0.0 ತೋರಬೇಕು. 1.2 ತೋರಿದರೆ 1.2ರಷ್ಟು ಹೆಚ್ಚು ತೋರುತ್ತಿದೆ ಎಂದರ್ಥ.

ಸರಿಪಡಿಸುವ ಲೆಕ್ಕ

ಲಸಿಕೆಯ 2ರಿಂದ 8 ಡಿಗ್ರಿಯ ವ್ಯಾಪ್ತಿ ಮಂಜಿನ ಬಿಂದುವಿಗೆ ತೀರ ಹತ್ತಿರ. ಆದುದರಿಂದ ಅಲ್ಲಿ ಕಂಡ ತಪ್ಪನ್ನು ಕಳೆದರೆ ಬಹುಪಾಲು ಸಾಕು: ತೋರುವ 5.0ರಿಂದ 1.2 ಕಳೆದು 3.8 ಎಂದು ತಿಳಿಯುವುದು. ಅನೇಕ ನಿಯಂತ್ರಕಗಳಲ್ಲಿ ಈ ಅಂಕಿಯನ್ನು ಒಳಗೇ ಸೇರಿಸುವ ಸೌಲಭ್ಯವಿದೆ.

ವ್ಯಾಪ್ತಿ ದೊಡ್ಡದಿರುವಲ್ಲಿ ಒಂದು ಬಿಂದು ಸಾಲದು. ಮಾಪಕವೊಂದು ಮಂಜಿನಲ್ಲಿ 0.8 ತೋರಿತು, ಪ್ರಮಾಣಿತ ತಾಪಮಾಪಕ 40.0 ತೋರುವ ಬೆಚ್ಚನೆಯ ನೀರಿನಲ್ಲಿ ಅದು 41.6 ತೋರಿತು ಎಂದು ಇಟ್ಟುಕೊಳ್ಳೋಣ. ನಿಜವಾಗಿ 40 ಡಿಗ್ರಿ ಏರಿದಾಗ ಇದು 40.8 ಏರಿದೆ. 40ನ್ನು 40.8ರಿಂದ ಭಾಗಿಸಿದರೆ 0.98. ಇನ್ನು ಮುಂದೆ ತೋರುವ ಅಂಕಿಯಿಂದ 0.8 ಕಳೆದು, ಉಳಿದದ್ದನ್ನು 0.98ರಿಂದ ಗುಣಿಸಬೇಕು. 5.0 ತೋರಿದರೆ ನಿಜವಾದ ತಾಪ 4.1, 36.0 ತೋರಿದರೆ 34.5. ತಗ್ಗಿನಲ್ಲಿ ಒಂದು ಡಿಗ್ರಿಯೊಳಗೆ ಇದ್ದ ತಪ್ಪು ಮೇಲೆ ಒಂದೂವರೆ ಡಿಗ್ರಿಯಾಗಿರುವುದನ್ನು ಗಮನಿಸಬೇಕು.

ಲೆಕ್ಕಕ್ಕಿಂತ ಹೆಚ್ಚಾಗಿ ತಪ್ಪುವುದು ದಾಖಲೆ. ತಂತ್ರಜ್ಞರು ನಿಯಂತ್ರಕದೊಳಗೆ 1.2ನ್ನು ಸರಿಪಡಿಸಿ ಹೋಗುತ್ತಾರೆ. ಅದು ತಿಳಿಯದ ಸಿಬ್ಬಂದಿ ಪುಸ್ತಕದಲ್ಲಿ ಮತ್ತೊಮ್ಮೆ 1.2 ಕಳೆದು ಬರೆಯುತ್ತಾರೆ. ಇನ್ನೊಂದು ಲೋಪ ಇದಕ್ಕಿಂತ ಗಂಭೀರ. ಸರಿಪಡಿಸುವ ಮುನ್ನ ಎಷ್ಟು ತಪ್ಪಿತ್ತು ಎಂಬುದನ್ನು ಬರೆಯದೆ, ‘ಸರಿಪಡಿಸಲಾಗಿದೆ’ ಎಂಬ ಒಂದೇ ಮಾತನ್ನು ಬರೆಯುವುದು. ಕಂಡಂತೆ ಇದ್ದ ತಪ್ಪಿನ ಅಂಕಿಯೇ ಕಳೆದ ವರ್ಷವಿಡೀ ಲಸಿಕೆಗಳು ಯಾವ ತಾಪದಲ್ಲಿದ್ದವು ಎಂಬುದಕ್ಕೆ ಉಳಿಯುವ ಏಕೈಕ ಸುಳಿವು. ಅಲ್ಲದೆ ಮೊದಲ ವರ್ಷ 0.2, ಎರಡನೆಯ ವರ್ಷ 0.5, ಮೂರನೆಯ ವರ್ಷ 1.2 ಎಂದು ತಪ್ಪು ಏರುತ್ತ ಬಂದಿದ್ದರೆ ಆ ಸೆನ್ಸರನ್ನು ಸರಿಪಡಿಸುವುದಲ್ಲ, ಬದಲಿಸುವುದೇ ದಾರಿ. ತೇವ ಸೇರಿದ ಮಣಿಯ ತಪ್ಪು ಇಂದು ಇದ್ದಂತೆ ನಾಳೆ ಇರುವುದಿಲ್ಲ. ಇಂದು ಕಳೆದ ಅಂಕಿ ಮಳೆಗಾಲಕ್ಕೆ ಸುಳ್ಳಾಗುತ್ತದೆ.

ಹಾಲಿನ ತೊಟ್ಟಿ, ಹವಾಮಾನ ಕೇಂದ್ರ

ಹಾಲು ಉತ್ಪಾದಕರ ಸಂಘಗಳ ಬೃಹತ್ ಶೀತಲೀಕರಣ ತೊಟ್ಟಿಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸಬೇಕು. ಅಲ್ಲಿ ಅಪಾಯ ತಿರುಗುಮುರುಗು: ಸೆನ್ಸರ್ ಕಡಿಮೆ ತೋರಿದರೆ ತಣಿಯದ ಹಾಲು ತಣಿದಿದೆಯೆಂದು ಟ್ಯಾಂಕರ್ ಏರಿ, ದಾರಿಯಲ್ಲಿ ಹುಳಿಯಾಗಿ, ನಷ್ಟ ಸಂಘದ ಪಾಲಿಗೆ ಬರುತ್ತದೆ. ಬ್ಯಾಡಗಿಯ ಶೈತ್ಯಾಗಾರಗಳಲ್ಲಿ ಮೆಣಸಿನಕಾಯಿ ಇಟ್ಟ ರೈತರಿಗೂ ಈ ಮಾತು ಅನ್ವಯಿಸುತ್ತದೆ. ಬಣ್ಣ ಉಳಿದರೆ ಬೆಲೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ತಾಪ, ತೇವಾಂಶ, ಗಾಳಿಗಳನ್ನು ಅಳೆಯುವ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಹೊಲವನ್ನು ನೋಡಿ ಅಲ್ಲ, ಹವಾಮಾನದ ಅಂಕಿಗಳನ್ನು ನೋಡಿ. ಸೆನ್ಸರ್‌ನ ಬಿಳಿ ಹೊದಿಕೆ ಧೂಳು ಹಿಡಿದು ಕಪ್ಪಾದರೆ, ಕಣಜ ಗೂಡು ಕಟ್ಟಿದರೆ, ಪಕ್ಕದಲ್ಲಿ ತಗಡಿನ ಮಾಳಿಗೆ ಎದ್ದರೆ ಅಂಕಿ ಏರುತ್ತದೆ. ಇದು ಜಾರುವಿಕೆಯಲ್ಲ, ಮಾಪನಾಂಕ ನಿರ್ಣಯದಿಂದ ಸರಿಹೋಗುವುದೂ ಇಲ್ಲ. ಕಂಡ ಸದಸ್ಯರು ಸಂಬಂಧಪಟ್ಟವರಿಗೆ ತಿಳಿಸಬೇಕು. ತಾವೇ ತೊಳೆಯಲು ಹೋಗಬಾರದು.

ಸದಸ್ಯರು ಕೇಳಬಹುದಾದದ್ದು

ನ್ಯಾಯಬೆಲೆ ಅಂಗಡಿಯ ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕೆಂಬುದು ಪ್ರತಿಯೊಬ್ಬ ಸದಸ್ಯರಿಗೂ ಗೊತ್ತು. ಮುದ್ರೆ ಹಳೆಯದಾಗಿದ್ದರೆ ಗ್ರಾಮಸಭೆಯಲ್ಲಿ ಗದ್ದಲವಾಗುತ್ತದೆ. ಅಕ್ಕಿಯ ತೂಕಕ್ಕೆ ಕೇಳುವ ಪ್ರಶ್ನೆಯನ್ನು ಲಸಿಕೆಯ ತಾಪಕ್ಕೆ ಕೇಳುವವರು ಕಡಿಮೆ. ಸಾರ್ವಜನಿಕ ಆರೋಗ್ಯವು ಗ್ರಾಮ ಪಂಚಾಯತಿಯ ಸೌಕರ್ಯ ಸಮಿತಿಯ ವ್ಯಾಪ್ತಿಗೆ ಸೇರಿದೆ. ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋದ ಸದಸ್ಯರು ವೈದ್ಯಾಧಿಕಾರಿಗಳನ್ನು ಗೌರವದಿಂದ ಕೇಳಬಹುದು: ಶೀತಕದ ಸೆನ್ಸರ್ ಮತ್ತು ಲಾಗರ್ ಎಂದು ಪರೀಕ್ಷೆಯಾದವು, ಆಗ ಎಷ್ಟು ತಪ್ಪು ಕಂಡಿತು, ಪರೀಕ್ಷಿಸಿದ ಪ್ರಮಾಣಿತ ಮಾಪಕಕ್ಕೆ ಪ್ರಮಾಣಪತ್ರವಿದೆಯೇ. ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ಯಾವ ತಾಪದಲ್ಲಿ ಎಷ್ಟು ತಪ್ಪು, ಆ ಅಳತೆಯಲ್ಲಿನ ಅನಿಶ್ಚಿತತೆ ಎಷ್ಟು ಎಂದು ಅಂಕಿಗಳಲ್ಲಿ ಬರೆದಿರುತ್ತದೆ. ‘ಓಕೆ’ ಎಂಬ ಚೀಟಿ ಮಾತ್ರ ಅಂಟಿಸಿದ್ದರೆ ಅದನ್ನು ಪ್ರಮಾಣಪತ್ರವೆನ್ನಲಾಗದು.

ಶೀತಕದ ಮುಚ್ಚಳ ತೆರೆಯುವುದು, ಸೆನ್ಸರ್ ಎಳೆಯುವುದು, ನಿಯಂತ್ರಕದ ಗುಂಡಿ ಒತ್ತುವುದು ಸದಸ್ಯರ ಕೆಲಸವಲ್ಲ. ಅದು ಜಿಲ್ಲೆಯ ಶೀತಲ ಸರಪಳಿ ತಂತ್ರಜ್ಞರದು. ಪರೀಕ್ಷೆಗೆ ಮುನ್ನ ಲಸಿಕೆಗಳನ್ನು ಸುರಕ್ಷಿತ ಪೆಟ್ಟಿಗೆಗೆ ಸ್ಥಳಾಂತರಿಸುವ ಏರ್ಪಾಡೂ ಅವರಿಗೆ ತಿಳಿದಿರುತ್ತದೆ. ಪಂಚಾಯತಿಯ ಅಲ್ಮೇರಾದಲ್ಲಿರುವ ಸಾಮಾನ್ಯ ವಿದ್ಯುನ್ಮಾನ ತಾಪಮಾಪಕಗಳನ್ನು ಮಾತ್ರ ಕಚೇರಿಯಲ್ಲಿಯೇ ಮಂಜಿನ ಫ್ಲಾಸ್ಕಿನಲ್ಲಿ ಪರೀಕ್ಷಿಸಿ ನೋಡಲು ಅಡ್ಡಿಯಿಲ್ಲ. ನೀರಿಗೆ ಇಳಿಸಬಲ್ಲ ತುದಿ ಇರುವವುಗಳನ್ನಷ್ಟೇ; ಹಣೆಗೆ ಹಿಡಿಯುವ ಸ್ಕ್ಯಾನರ್ ಆಗಲಿ, ಜ್ವರ ನೋಡುವ ಮಾಪಕವಾಗಲಿ ಈ ಪರೀಕ್ಷೆಗೆ ಒಳಪಡುವುದಿಲ್ಲ.

ಪರೀಕ್ಷೆಯಲ್ಲಿ ದೊಡ್ಡ ತಪ್ಪು ಕಂಡುಬಂದರೆ ಆ ಶೀತಕದಲ್ಲಿದ್ದ ಲಸಿಕೆಯನ್ನು ಬಳಸುವುದೂ ಬೇಡ, ಚೆಲ್ಲುವುದೂ ಬೇಡ. ಅದನ್ನು ಪ್ರತ್ಯೇಕವಾಗಿ, ಗುರುತು ಹಾಕಿ, ಸರಿಯಾದ ತಾಪದಲ್ಲಿ ಇರಿಸಿ, ಅಲುಗಾಟದ ಪರೀಕ್ಷೆಗೂ ಮುಂದಿನ ತೀರ್ಮಾನಕ್ಕೂ ವೈದ್ಯಾಧಿಕಾರಿಗಳು ಮತ್ತು ಜಿಲ್ಲಾ ಲಸಿಕಾ ಅಧಿಕಾರಿಗಳಿಗೆ ಅಂದೇ ಲಿಖಿತವಾಗಿ ತಿಳಿಸತಕ್ಕದ್ದು. ಕಳೆದ ಬಾರಿ ಸೆನ್ಸರ್ ಸರಿಯಿದ್ದುದು ದೃಢಪಟ್ಟ ದಿನಾಂಕವನ್ನು ಆ ಪತ್ರದಲ್ಲಿ ನಮೂದಿಸಬೇಕು. ಆ ದಿನದಿಂದೀಚೆಗೆ ಯಾವ ಊರಿನ ಯಾವ ಮಕ್ಕಳಿಗೆ ಆ ಶೀತಕದ ಲಸಿಕೆ ನೀಡಲಾಗಿದೆ ಎಂಬ ಪಟ್ಟಿ ಅಲ್ಲಿಂದಲೇ ಆರಂಭವಾಗಬೇಕಾಗುತ್ತದೆ.